ಮತ್ತು ಆರು ಮಂದಿ

3 ಅಕ್ಟೋಬರ್ 2009, ಶನಿವಾರ
ಬಸವನ ಬಾಗೇವಾಡಿ

ಮಳೆ ನಿನ್ನೆ ಸಂಜೆ ನಿಂತಿತು. ಡೋಣಿ ಹೊಳೆಯ ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಮನೆ ಒಂದೂ ನೆಟ್ಟಗೆ ಉಳಿದಿಲ್ಲವಂತೆ. ಮಂದಿಯನ್ನೆಲ್ಲ ಕನ್ನಡ ಸಾಲಿಗಳಲ್ಲಿ, ಗುಡಿಗಳಲ್ಲಿ, ಮಸೂತಿಗಳಲ್ಲಿ, ಗೋದಾಮುಗಳಲ್ಲಿ ಇಟ್ಟಿದ್ದಾರೆ.

ಮುಂಜಾನೆ ನಮ್ಮ ಕಂಪ್ಯೂಟರ್ ಸಂಸ್ಥೆಯ ಬಾಗಿಲು ತೆರೆದಾಗಿನಿಂದ ಫೋನು ಸುಮ್ಮನಾಗಿಲ್ಲ. ಗೋವಾದಿಂದ, ಮುಂಬೈಯಿಂದ, ಪುಣೆಯಿಂದ. ಎಲ್ಲ ಈ ಕಡೆಯಿಂದ ದುಡಿಯಲು ಹೋದವರು. ಹಳ್ಳಿಯ ಮೊಬೈಲುಗಳು ಕರೆಂಟಿಲ್ಲದೆ ಬಂದಾಗಿವೆ. ನಮ್ಮ ಬೋರ್ಡಿನ ಮೇಲಿನ ನಂಬರು ಯಾರಿಗೋ ನೆನಪಿತ್ತು, ಅವರು ಇನ್ನೊಬ್ಬರಿಗೆ ಕೊಟ್ಟರು. ಫೋನು ನೋಡಿಕೊಳ್ಳುವ ರಾಜಬಿ ಅಕ್ಕ ಒಂದೇ ಸಮನೆ "ಗೊತ್ತಿಲ್ರಿ, ಗೊತ್ತಿಲ್ರಿ" ಅಂದು ಅಂದು ಗಂಟಲು ಒಣಗಿಸಿಕೊಂಡಳು.

ಚೇತನಕುಮಾರ ಸರ್‌ಗೆ ಒಂದು ವಿಚಾರ ಹೊಳೆಯಿತು. "ಕ್ಯಾಂಪಿನಾಗ ಇದ್ದವರ ಹೆಸರ ನಮ್ಮ ಸರ್ವರಿಗೆ ಹಾಕೂಣು. ಗೋವಾದಾಗ ಓಣಿಗೊಂದು ಸೈಬರ್ ಕೆಫೆ ಅದಾವು. ಅವರ ನೋಡ್ಕೋತಾರ." ಸಂಸ್ಥೆ ಅವರದು, ವಿಚಾರ ಅವರದು. ನಡೆಸುವುದು ನನ್ನ ಪಾಲು.

ಸರ್ವರು ಬಾಡಿಗೆಯದು, ಸಮುದ್ರದ ಆಚೆ ಎಲ್ಲೋ ಇದೆ. ಮೂರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ, ಆದರೆ ಅದನ್ನು ಕರಿ ಪರದೆಯ ಮೇಲಿನ ಬಿಳಿ ಅಕ್ಷರವಾಗಿ ಮಾತ್ರ ಬಲ್ಲೆ. ಬಡ ಸರ್ವರು, 256 ಎಂಬಿ ಮೆಮೊರಿ. ಅದರ ಮೇಲೆ ಎರಡು ಕಾಲೇಜು, ಒಂದು ಗೊಬ್ಬರದ ಅಂಗಡಿ, ಸರ್ ಅವರೇ ಬರೆದ ವಧು-ವರರ ಸೈಟು. ಇವತ್ತಿನಿಂದ ಈ ಪಟ್ಟಿ.

ಕ್ಯಾಂಪುಗಳ ಹಾಳೆಗಳನ್ನು ಕಾಸಿಂಸಾಬ ಕಾಕಾ ತಂದುಕೊಟ್ಟ. ಅವನ ಟೆಂಪೋ ಆ ಕಡೆ ಬ್ರೆಡ್ಡು, ಚಾಪೆ ಹೊರುತ್ತಿದೆ. ಒಂದೊಂದು ಹಾಳೆ ಒಂದೊಂದು ರೀತಿ. ಕೆಲವರು ಮನೆಯವರೆಲ್ಲರ ಹೆಸರು ಬರೆದಿದ್ದಾರೆ, ಕೆಲವರು ಯಜಮಾನನದಷ್ಟೇ ಬರೆದು "ಮತ್ತು 5", "ಮತ್ತು 8" ಅಂದಿದ್ದಾರೆ. ನಾನು ಎಲ್ಲವನ್ನೂ ಎರಡನೆಯ ರೀತಿಗೆ ತಂದೆ. ಒಂದು ಮನೆಗೆ ಒಂದು ಸಾಲು. ಐದು ಸಾವಿರದ ಹತ್ತಿರದ ಮಂದಿ 912 ಸಾಲಿನಲ್ಲಿ ಕೂತರು. ಪುಟ ಹಗುರ, ಸರ್ವರಿಗೆ ಆರಾಮ. ಸರ್ ನೋಡಿ, "ಶಾಣ್ಯಾಕಿ ಅದಿ," ಅಂದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಸಂಜೆ ಐದಕ್ಕೆ ಲೋಡ್ 1.2.

5 ಅಕ್ಟೋಬರ್, ಸೋಮವಾರ

ಲೋಡ್ 11. ಮೂರು ಸಲ ಸರ್ವರು ಬಿತ್ತು.

"ಲೋಡ್ ಅಂದ್ರ ಏನವಾ?" ಅಂತ ರಾಜಬಿ ಅಕ್ಕ ಕೇಳಿದಳು. ಕೆಲಸಕ್ಕಾಗಿ ಪಾಳಿ ನಿಂತವರ ಲೆಕ್ಕ ಅಂದೆ. ಒಂದರೊಳಗಿದ್ದರೆ ಪಾಳಿಯೇ ಇಲ್ಲ. ಹನ್ನೊಂದಾದರೆ ನಿಂತವರಲ್ಲಿ ಅರ್ಧ ಮಂದಿ ಬೇಸತ್ತು ಮನೆಗೆ ಹೋಗುತ್ತಾರೆ.

ಒಂದು ತಪ್ಪು ಸಿಕ್ಕಿತು. ಒಮ್ಮೆಗೆ ನೂರೈವತ್ತು ಮಂದಿಯನ್ನು ಒಳಗೆ ಬಿಡು ಅಂತ ಸರ್ವರಿಗೆ ಅಪ್ಪಣೆ ಇತ್ತು. ಅದಕ್ಕೆ ಹಿಡಿಸುವುದು ಹದಿನೈದು. ಇಂಡಿಗೆ ಹೋಗುವ ಬಸ್ಸು ತಪ್ಪಿದ ದಿನ ಕಾಕಾನ ಟೆಂಪೋಕ್ಕೆ ಮಂದಿ ಜೋತುಬಿದ್ದ ಹಾಗೆ. ಹದಿನೈದಕ್ಕೆ ಇಳಿಸಿದೆ. ಒಬ್ಬೊಬ್ಬ ಬಂದವನು ಕೆಲಸ ಮುಗಿದ ಮೇಲೂ ಹದಿನೈದು ಸೆಕೆಂಡು ಬಾಗಿಲು ಹಿಡಿದು ನಿಲ್ಲುತ್ತಿದ್ದ. ಅದನ್ನು ಎರಡು ಸೆಕೆಂಡು ಮಾಡಿದೆ.

ಲೋಡ್ 6. ಬೀಳುವುದು ನಿಂತಿತು. ಆದರೆ ಏದುಸಿರು ಇದ್ದೇ ಇದೆ.

6 ಅಕ್ಟೋಬರ್, ಮಂಗಳವಾರ

ಸರ್ ಒಳಗೆ ಕರೆದರು. ದೀಪಾವಳಿ ಮುಗಿದರೆ ಮದುವೆಯ ಕಾಲ. ವಧು-ವರರ ಸೈಟು ತೆರೆಯುತ್ತಿಲ್ಲ ಅಂತ ನಾಲ್ಕು ಮನೆಯವರು ಬೈದರಂತೆ.

"ಪಟ್ಟಿ ತಗದಬಿಡೂಣು ವಿದ್ಯಾ. ಮೂರ ದಿನ ಸೇವಾ ಮಾಡಿದ್ವಿ. ಸಾಕು."

"ಎರಡ ದಿನ ಕೊಡ್ರಿ ಸರ್. ಎಲ್ಲಿ ಭಾರ ಬೀಳಾಕತ್ತೈತಿ ನೋಡ್ತೇನಿ."

"ನೋಡೂದೇನೈತಿ? ಪಟ್ಟಿ ಬಂದ ಮ್ಯಾಲ ಹಿಂಗಾಗೇತಿ."

ನನಗೂ ಹಾಗೇ ಅನ್ನಿಸಿತ್ತು. ಆದರೂ ಎರಡು ದಿನ ಅಂತ ಬಾಯಿಂದ ಬಂದುಬಿಟ್ಟಿತು. ಈಗ ನೋಡಲೇಬೇಕು.

8 ಅಕ್ಟೋಬರ್, ಗುರುವಾರ

ಭಾರ ಪಟ್ಟಿಯದಲ್ಲ!

ಎರಡು ದಿನ ಕೂತು ಸರ್ವರಿನ ಲಾಗ್ ಓದಿದೆ. ಯಾರು ಬಂದರು, ಏನು ಕೇಳಿದರು, ಎಷ್ಟು ಹೊತ್ತು ಹಿಡಿಯಿತು, ಎಲ್ಲ ಅದರಲ್ಲಿ ಸಾಲು ಸಾಲಾಗಿ ಬಿದ್ದಿರುತ್ತದೆ. ಪಟ್ಟಿಯ ಪುಟಕ್ಕೆ ಅರ್ಧ ಸೆಕೆಂಡು. ವಧು-ವರರ ಪುಟಕ್ಕೆ ಇಪ್ಪತ್ತು, ಇಪ್ಪತ್ತೈದು ಸೆಕೆಂಡು. ಕಾರಣ ಫೋಟೋ. ಮಂದಿ ಕ್ಯಾಮೆರಾದಲ್ಲಿ ತೆಗೆದದ್ದನ್ನು ಹಾಗೆ ಹಾಗೇ ಏರಿಸಿದ್ದಾರೆ. ಕಣ್ಣಿಗೆ ಕಾಣುವುದು ಹೆಬ್ಬೆರಳಿನಷ್ಟು, ಒಳಗಿರುವುದು ಗೋಡೆಯಷ್ಟು. ಯಾರಾದರೂ ಪುಟ ತೆರೆದಾಗಲೆಲ್ಲ ಸರ್ವರು ಆ ಗೋಡೆಯನ್ನು ಹೊಸದಾಗಿ ಹೆಬ್ಬೆರಳು ಮಾಡುತ್ತದೆ. ಒಂದು ಪುಟಕ್ಕೆ ನಲವತ್ತು ಫೋಟೋ. ಮೊದಲಿನಿಂದಲೂ ಹೀಗೇ ಏದುತ್ತಿತ್ತು, ಯಾರೂ ಹೊರಳಿ ನೋಡಿರಲಿಲ್ಲ.

ಆ ನಲವತ್ತರಲ್ಲಿ ಒಂದು ನನ್ನದು. ಹೋದ ವರ್ಷ ಅವ್ವ ಕೊಟ್ಟದ್ದು, ಹಸಿರು ಸೀರೆ ಉಟ್ಟ ಫೋಟೋ. ಮೂರು ಎಂಬಿ. ಬೇರೆ ಯಾವುದಕ್ಕೂ ಕೈ ಹಚ್ಚುವ ಮೊದಲು ಅದನ್ನು ಅಳಿಸಿದೆ.

ಮಧ್ಯಾಹ್ನ ಲೆಕ್ಕ ಬರೆದುಕೊಂಡು ಸರ್ ಹತ್ತಿರ ಹೋದೆ. ಗೊಬ್ಬರದ ಅಂಗಡಿಯವರು ಕೂತಿದ್ದರು. ಅವರು ಹೋಗುವತನಕ ಕಾಯಬೇಕಿತ್ತೇನೋ. ಕಾಯಲಿಲ್ಲ.

"ಸರ್, ತಪ್ಪ ನಿಮ್ಮ ಸೈಟಿನಾಗೈತಿ. ಪಟ್ಟಿದಾಗಿಲ್ಲ."

ಸರ್ ಹಾಳೆಯನ್ನು ನೋಡಲೇ ಇಲ್ಲ. ಮುಖ ಕೆಂಪಾಯಿತು. "ಆ ಸೈಟ್ ನಾ ಬರದದ್ದು. ನಿನಗ ಕೀಬೋರ್ಡ್ ಹಿಡಿಯಾಕ ಕಲಿಸಿದಾಂವನೂ ನಾನ."

"ಹೌದ್ರಿ. ಅದಕ್ಕ ನಿಮಗ ಮೊದಲ ಹೇಳಾಕ ಬಂದೆ."

"ಹೋಗು, ಕೆಲಸ ನೋಡು."

ಹೋದೆ. ಆದರೆ ಲೆಕ್ಕ ತಪ್ಪಿಲ್ಲ. ಬರೆದಿಡುತ್ತೇನೆ. ಲೆಕ್ಕ ತಪ್ಪಿಲ್ಲ.

9 ಅಕ್ಟೋಬರ್, ಶುಕ್ರವಾರ

ಪಾಸ್‌ವರ್ಡ್ ಬದಲಾಗಿದೆ. ಪಟ್ಟಿ ಇಲ್ಲ. ಆ ಜಾಗದಲ್ಲಿ "ಪುಟ ಸಿಗಲಿಲ್ಲ" ಅಂತ ಬರುತ್ತದೆ. ಸರ್ ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದರು.

ರಾಜಬಿ ಅಕ್ಕ ಇವತ್ತು ಬಂದಿಲ್ಲ. ಮುದ್ದೇಬಿಹಾಳದಲ್ಲಿ ಅವಳ ತಂಗಿಯ ಮನೆಯ ಗೋಡೆ ಬಿದ್ದಿದೆ. ಹೀಗಾಗಿ ಫೋನಿನ ಮುಂದೆ ಯಾರೂ ಇಲ್ಲ. ಫೋನೆಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಗುರುತಿಲ್ಲದ ದನಿ ಕಿವಿಗೆ ಬಿದ್ದರೆ ಬಾಯಿ ಒಣಗುತ್ತದೆ. ಹನ್ನೊಂದು ಸಲ ಬಡಿದುಕೊಳ್ಳಲು ಬಿಟ್ಟೆ. ಹನ್ನೆರಡನೆಯದಕ್ಕೆ ಎತ್ತಿದೆ.

"ಅಕ್ಕಾರ, ಆ ಪಟ್ಟಿ ಎಲ್ಲಿ ಹೋತ್ರಿ? ನಿನ್ನಿ ಇತ್ತು, ಇವತ್ತಿಲ್ಲ. ಹಂಗಂದ್ರ ಏನಾತ್ರಿ, ಅವರೆಲ್ಲಾ?"

ಅವನ ಮಾತಿನ ಅರ್ಥ ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಪಟ್ಟಿ ಹೋಯಿತೆಂದರೆ ಮಂದಿಯೇ ಹೋದರು ಅಂತ ತಿಳಿದಿದ್ದ.

"ಏನೂ ಆಗಿಲ್ರಿ. ಪಟ್ಟಿ ನನ್ನ ಕೈಯಾಗೈತಿ. ಹೆಸರ ಹೇಳ್ರಿ."

ಹೋದ ವಾರ ಪ್ರಿಂಟು ತೆಗೆದಿಟ್ಟಿದ್ದು ಪುಣ್ಯ. ಇಪ್ಪತ್ತಮೂರು ಹಾಳೆ. ಅವನ ಅಣ್ಣನ ಹೆಸರು ಒಂಬತ್ತನೆಯದರಲ್ಲಿ ಸಿಕ್ಕಿತು. ಇಟ್ಟ ಕೂಡಲೆ ಮತ್ತೊಂದು. ಅದನ್ನೂ ಎತ್ತಿದೆ. ಕೇಳುವುದು, ಹುಡುಕುವುದು, ಓದಿ ಹೇಳುವುದು. ಊಟದ ಡಬ್ಬಿ ತೆರೆಯಲಿಲ್ಲ.

ಒಬ್ಬ ಗೋವಾದ ಮಾಪುಸಾದಿಂದ ಫೋನು ಮಾಡಿದ್ದ, ಕಟ್ಟಡ ಕಟ್ಟುವ ಗೌಂಡಿ ಸಿದ್ದಲಿಂಗ. ಅವನ ತಾಯಿ ಚನ್ನವ್ವ, ಊರು ಹೊಳಿಹಾಳ. "ಒಬ್ಬಾಕಿನ ಇರ್ತಾಳ್ರಿ. ಕಿವಿ ಸ್ವಲ್ಪ ಮಂದ." ಹೊಳಿಹಾಳದ ಹಾಳೆಯನ್ನು ಎರಡು ಸಲ ನೋಡಿದೆ. ಚನ್ನವ್ವ ಇಲ್ಲ. ತಂದೆಯ ಹೆಸರು ಕೇಳಿ ಅದನ್ನೂ ನೋಡಿದೆ, ಇಲ್ಲ. "ಇಲ್ರಿ," ಅಂದೆ. "ಆತ್ರಿ ಅಕ್ಕಾರ," ಅಂದು ಇಟ್ಟ.

ನಾಲ್ಕಕ್ಕೆ ಸರ್ ಬಾಗಿಲು ತೆರೆದು ಹೊರಗೆ ಬಂದರು. ವಧು-ವರರ ಸೈಟು ಬಿದ್ದಿದೆ. ಎರಡು ಸಲ ಎಬ್ಬಿಸಿದರಂತೆ, ಎರಡು ಸಲವೂ ಬಿದ್ದಿದೆ. ಪಟ್ಟಿ ಇಲ್ಲದೆಯೂ.

ನಾನು ಅವರತ್ತ ನೋಡಿದೆ, ಮತ್ತೆ ಫೋನಿಗೆ ಹೊರಳಿದೆ. ನಿಡಗುಂದಿಯ ಒಬ್ಬಾಕೆ ಪುಣೆಯಿಂದ ಕೇಳುತ್ತಿದ್ದಳು, ಅವಳನ್ನು ಕಾಯಿಸುವುದು ಬೇಡವಾಗಿತ್ತು.

10 ಅಕ್ಟೋಬರ್, ಶನಿವಾರ

ಮುಂಜಾನೆ ಸರ್ ನನ್ನ ಟೇಬಲ್ಲಿಗೆ ಬಂದರು. "ಪಾಸ್‌ವರ್ಡ್ ಬರ್ಕೋ."

"ಬರ್ಕೋತೇನಿ. ಇನ್ನೊಮ್ಮಿ ನನಗ ಹೇಳಲಾರದ ಬದಲ ಮಾಡೂದಿಲ್ಲಂತ ಹೇಳ್ರಿ."

"ಸರ್ವರ್ ನಂದ, ವಿದ್ಯಾವತಿ."

"ಹೌದ್ರಿ, ನಿಮ್ಮದ. ನಡಸಾಕಿ ನಾನು. ಇಲ್ಲಂದ್ರ ನೀವ ನಡಸ್ರಿ."

"ಮಾಡೂದಿಲ್ಲ," ಅಂದರು, ಕಿಟಕಿಯತ್ತ ತಿರುಗಿ. ಬರೆದುಕೊಂಡೆ.

ಫೋಟೋಗಳನ್ನೆಲ್ಲ ಒಂದೇ ಸಲ ಸಣ್ಣದು ಮಾಡಿಟ್ಟೆ. ಆರು ತಾಸು ಹಿಡಿಯಿತು, ನಡುವೆ ಎರಡು ಸಲ ಕರೆಂಟು ಹೋಯಿತು. ಪಟ್ಟಿಯನ್ನೂ ಬೇರೆ ರೀತಿ ಮಾಡಿದೆ. ಒಬ್ಬೊಬ್ಬರು ಕೇಳಿದಾಗಲೂ ಹೊಸದಾಗಿ ಹುಡುಕಿ ಪುಟ ಕಟ್ಟುತ್ತಿತ್ತು. ಈಗ ಹತ್ತು ನಿಮಿಷಕ್ಕೊಮ್ಮೆ ಊರಿಗೊಂದು ಪುಟ ತಾನೇ ಬರೆದಿಡುತ್ತದೆ, ಬಂದವರು ಓದಿಕೊಂಡು ಹೋಗುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಪ್ರತಿಯೊಬ್ಬರೂ ಕಿಂಡಿಗೆ ಹೋಗಿ ಕೇಳುವ ಬದಲು ವೇಳೆಯನ್ನು ಗೋಡೆಗೆ ಬರೆದು ಹಚ್ಚಿದ ಹಾಗೆ. ಹೆಸರು ಟೈಪು ಮಾಡಿ ಹುಡುಕುವುದು ಬೇಕಾದವರಿಗೆ ಆ ಕಿಂಡಿಯನ್ನೂ ಇಟ್ಟಿದ್ದೇನೆ.

ಸಂಜೆ ಆರಕ್ಕೆ ಲೋಡ್ 0.4. ಸೊನ್ನೆ ಬಿಂದು ನಾಲ್ಕು! ಎರಡೂ ಸೈಟು ಕುದುರೆಯ ಹಾಗೆ ಓಡುತ್ತಿವೆ.

ಮನೆಗೆ ಹೋಗುವಾಗ ಅರ್ಧ ಕಿಲೋ ಪೇಢೆ ಒಯ್ದೆ. ಅವ್ವ ಯಾವುದಾದರೂ ಹುಡುಗನ ಕಡೆಯವರು ಒಪ್ಪಿದರೇನೋ ಅಂದುಕೊಂಡಳು. ಫೋಟೋ ತೆಗೆದ ಸುದ್ದಿ ಹೇಳಿದೆ. ಪೇಢೆ ತಿನ್ನಲಿಲ್ಲ. ನಾನು ತಿಂದೆ.

12 ಅಕ್ಟೋಬರ್, ಸೋಮವಾರ

ಸಿದ್ದಲಿಂಗ ಮತ್ತೆ ಫೋನು ಮಾಡಿದ್ದ.

"ಈಗ ಭಾಳ ಲಗೂನ ತೆರೀತೈತ್ರಿ ಅಕ್ಕಾರ. ಒತ್ತೂದರಾಗ ಬರ್ತೈತಿ."

"ಹೌದ್ರಿ," ಅಂದೆ, ಹೆಮ್ಮೆಯಿಂದ.

"ಅವ್ವ ಅದರಾಗ ಇಲ್ರಿ."

ಅಷ್ಟೇ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೋನಿಟ್ಟು ಲಾಗ್ ತೆರೆದೆ. ಇಷ್ಟು ದಿನ ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನಷ್ಟೇ ನೋಡಿದ್ದೆ. ಏನು ಕೇಳಿದರು, ಸಿಕ್ಕಿತೋ ಇಲ್ಲವೋ ಅಂತ ಇವತ್ತು ನೋಡಿದೆ. ಎರಡು ದಿನದಲ್ಲಿ 1,940 ಸಲ ಹುಡುಕಿದ್ದಾರೆ. 1,210 ಸಲ ಏನೂ ಸಿಕ್ಕಿಲ್ಲ. ಸಿಗದ ಹೆಸರುಗಳನ್ನು ಒಂದು ಹಾಳೆಗೆ ಇಳಿಸುತ್ತ ಹೋದೆ. ಗಂಗವ್ವ. ಹಸೀನಾ. ಲಗಮವ್ವ. ಕಾಶಿಬಾಯಿ. ದಾವಲಬಿ. ನೀಲವ್ವ. ಚನ್ನವ್ವ, ಚನ್ನವ್ವ, ಚನ್ನವ್ವ, ಎರಡೂ ದಿನ ಸಂಜೆ ಏಳಕ್ಕೆ, ಒಂದೇ ಕಡೆಯಿಂದ.

ಎಲ್ಲ ಹೆಂಗಸರು. ಮತ್ತೆ ಮಕ್ಕಳು.

ಅವರು ಎಲ್ಲಿದ್ದಾರೆ ಅಂತ ನನಗೆ ಗೊತ್ತು. "ಮತ್ತು 5"ರಲ್ಲಿ. "ಮತ್ತು 8"ರಲ್ಲಿ. ಪುಟ ಹಗುರವಾಗಲಿ ಅಂತ ನಾನೇ ಅಲ್ಲಿ ಹಾಕಿದ್ದೇನೆ. ಕಪಾಟಿನಿಂದ ಹಳೆಯ ಹಾಳೆ ತೆಗೆದರೆ ಅರ್ಧದಷ್ಟರಲ್ಲಿ ಹೆಸರು ಇದ್ದವು, ಯಾರೋ ಕಂದೀಲಿನ ಮುಂದೆ ಕೂತು ಒಂದೊಂದೇ ಬರೆದದ್ದು. ಅವನ್ನು ನಾನು ಟೈಪು ಮಾಡಲಿಲ್ಲ.

ಇಡೀ ಗಂಡಸರ ಪಟ್ಟಿಯನ್ನು ಅರ್ಧ ಸೆಕೆಂಡಿನಲ್ಲಿ ತೋರಿಸುವ ಸರ್ವರು ಮಾಡಿ ಪೇಢೆ ತಿಂದೆ.

ತಪ್ಪು ನನ್ನದು. ಬರೆದಾಯಿತು. ಇದಕ್ಕಿಂತ ಹೆಚ್ಚು ಅದರ ಮೇಲೆ ಕೂಡುವುದಿಲ್ಲ. ಹೆಸರಿದ್ದ ಹಾಳೆಗಳನ್ನು ರಾಜಬಿ ಅಕ್ಕ ಮತ್ತು ಟೈಪಿಂಗ್ ಕ್ಲಾಸಿನ ಹುಡುಗಿಯರು ಇವತ್ತೇ ಹಿಡಿದಿದ್ದಾರೆ. ಹೆಸರಿಲ್ಲದವಕ್ಕೆ ಹೋಗಿಯೇ ಬರಬೇಕು. ಹೊಳಿಹಾಳ ಹೆಸರಿಲ್ಲದ ಹಾಳೆ.

13 ಅಕ್ಟೋಬರ್, ಮಂಗಳವಾರ

ಕಾಸಿಂಸಾಬ ಕಾಕಾನ ಟೆಂಪೋದಲ್ಲಿ ಬಿಸ್ಕೀಟಿನ ಪೆಟ್ಟಿಗೆಗಳ ನಡುವೆ ಕೂತು ಹೋದೆ. ಇಂಗಳೇಶ್ವರ ದಾಟಿ ಮುಂದೆ ಹೊಲವೆಲ್ಲ ಕೆಸರು. ತೊಗರಿ ನೆಲಕ್ಕೆ ಮಲಗಿದೆ. ಹೊಳಿಹಾಳದ ಮಂದಿಯನ್ನು ದಿಬ್ಬದ ಮೇಲಿನ ಒಂದು ಸಾಲಿಯಲ್ಲಿ ಇಟ್ಟಿದ್ದಾರೆ.

ಬಾಗಿಲಲ್ಲಿ ಉಸ್ತುವಾರಿಯವನು ಕುರ್ಚಿ ಹಾಕಿಕೊಂಡು ಕೂತಿದ್ದ. ಎಲ್ಲರ ಹೆಸರು ಬರೆದುಕೊಳ್ಳಬೇಕು ಅಂದೆ.

"ಹೆಸರ ಯಾಕ? ನಮ್ಮ ಹತ್ರ ಸಂಖ್ಯಾ ಐತಲ್ಲ. ಅಕ್ಕಿ ತೂಗಾಕ ಹೆಸರ ಬೇಕಾಗೂದಿಲ್ಲ."

"ಅಕ್ಕಿ ತೂಗಾಕ ಬ್ಯಾಡ್ರಿ. ಹುಡಕಾಕ ಬೇಕು. ಇವರ ಮಕ್ಕಳ ಗೋವಾದಾಗ ಕುಂತು ಹುಡಕಾಕತ್ತಾರ."

"ಯಾರ ಪರವಾನಗಿ ತಂದೀರಿ?"

"ಯಾರದೂ ಇಲ್ರಿ. ಅವರ ಹೆಸರ ಅವರದು. ಅವರನ್ನ ಕೇಳ್ತೇನಿ. ಹೇಳಾಂಗಿಲ್ಲ ಅಂದ್ರ ಹೊಳ್ಳಿ ಹೋಗ್ತೇನಿ."

ಅವನು ಏಳುವುದರೊಳಗೆ ಒಳಗೆ ನಡೆದೆ. ಕಾಕಾ ಬಿಸ್ಕೀಟಿನ ಪೆಟ್ಟಿಗೆಯನ್ನು ಸರಿಯಾಗಿ ಬಾಗಿಲಿಗೆ ಅಡ್ಡ ಇಳಿಸಿ, "ಸಾಹೇಬ್ರ, ಎಣಿಸಿ ಸಹಿ ಮಾಡ್ರಿ," ಅಂತ ಅವನನ್ನು ಹಿಡಿದುಕೊಂಡ.

ಹೆಂಗಸರು ಮೊದಲು ನಕ್ಕರು. ತಮ್ಮ ಹೆಸರು ಕೇಳಿದವರೇ ಇರಲಿಲ್ಲ. ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡು ಗಂಡನ ಕಡೆ ಕೈ ತೋರಿಸಿದಳು. "ಅವರ ಮನಿಯಾಕಿ ಅಂತ ಬರೀರಿ."

"ಅವರ ಹೆಸರ ಆಗಲೇ ಐತ್ರಿ. ನಿಮ್ಮದ ಹೇಳ್ರಿ."

"ಸುನಂದಾ." ಹೇಳಿದ ಮೇಲೆ ಮತ್ತೊಮ್ಮೆ, ಗಟ್ಟಿಯಾಗಿ, "ಸುನಂದಾ, ಬರಕೊಂಡ್ರಿಲ್ಲೋ?"

ಆಮೇಲೆ ಎಲ್ಲರೂ ಒಮ್ಮೆಗೇ ಹೇಳತೊಡಗಿದರು. ಪಾಳಿ ಹಚ್ಚಬೇಕಾಯಿತು.

ಮೂರನೆಯ ಕೋಣೆಯಲ್ಲಿ ಮಲಿಕಸಾಬ ಅಂತ ಒಬ್ಬ ಹಿರಿಯರು. ಹಾಳೆಯಲ್ಲಿ "ಮಲಿಕಸಾಬ ಮತ್ತು 6". ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಬರೆದು ಎಣಿಸಿದೆ, ಐದು.

"ಆರನೇದವರ ಯಾರ್ರಿ?"

"ಆಕಿ ನಮ್ಮ ಬಾಜೂ ಮನಿಯಾಕಿ, ತಂಗಿ. ನಾವ ಟ್ರ್ಯಾಕ್ಟರ್ ಹತ್ತೂ ಮುಂದ ಗ್ವಾಡಿ ಹಿಡಕೊಂಡ ನಿಂತಿದ್ಲು, ಬಿಡವಲ್ಲಳು. ಎತ್ತಿ ಹಾಕ್ಕೊಂಡ ಬಂದ್ವಿ. ಬರಕೊಳ್ಳಾಂವ ಟ್ರ್ಯಾಕ್ಟರಿನಾಗ ಎಷ್ಟ ಮಂದಿ ಅಂತಷ್ಟ ಕೇಳಿದ."

ಕಿಟಕಿಯ ಕೆಳಗೆ ಮುದುಕಿಯೊಬ್ಬಳು ಜೋಳ ಹಸನ ಮಾಡುತ್ತ ಕೂತಿದ್ದಳು. ಹತ್ತಿರ ಹೋಗಿ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ, "ಯವ್ವಾ, ನಿನ್ನ ಹೆಸರೇನು?"

"ಚನ್ನವ್ವ."

ಸಿದ್ದಲಿಂಗನ ನಂಬರು ಬರೆದುಕೊಂಡೇ ಬಂದಿದ್ದೆ, ಕಾಕಾನನ್ನು ಕೂಗಿ ಕರೆದೆ. ಕಾಕಾನ ಮೊಬೈಲಿನಲ್ಲಿ ಒಂದೇ ಕಡ್ಡಿ ಸಿಗ್ನಲ್ಲು. ಚನ್ನವ್ವನನ್ನು ಸಾಲಿಯ ಕಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸಿ ಮಾಪುಸಾಕ್ಕೆ ಹಚ್ಚಿದೆವು. ನಾನು ಹೆಸರು ಹೇಳಿ ಅವಳ ಕಿವಿಗೆ ಹಿಡಿದೆ.

ಆ ಕಡೆಯಿಂದ ಸಿದ್ದಲಿಂಗ ಏನು ಕೂಗಿದನೋ, ಇವಳು ಮೂರುಪಟ್ಟು ಜೋರಾಗಿ ಕೂಗಿದಳು. "ಮನಿ ಬಿತ್ತೋ ಸಿದ್ಯಾ! ಅಡಗಿ ಮನಿ ಗ್ವಾಡಿ ಒಂದ ನಿಂತೈತಿ. ಎಮ್ಮಿ ಐತಿ, ಮಲಿಕಸಾಬನ ಮಗ ಬಿಟ್ಟ ಬಂದಿಲ್ಲ. ಅಳತಿ ಯಾಕ? ಗಂಡಸಲ್ಲ ನೀ? ಯಾಕ ಅಳತಿ?" ಅಂತ ಬೈಯುತ್ತ ಬೈಯುತ್ತ ಅವಳೇ ಕಟ್ಟೆಯ ಮೇಲೆ ಕುಸಿದು ಕೂತಳು. ಮಲಿಕಸಾಬರು ಮುಖ ಆಚೆ ತಿರುಗಿಸಿದರು.

ಹೊಳಿಹಾಳ, 388 ಮಂದಿ. ಹಾಳೆಯಲ್ಲಿ 61 ಹೆಸರಿದ್ದವು.

14 ಅಕ್ಟೋಬರ್, ಬುಧವಾರ

ಮತ್ತೆ ನಾಲ್ಕು ಕ್ಯಾಂಪು. ಕೈ ಊದಿದೆ. ಒಂದು ಕ್ಯಾಂಪಿನಲ್ಲಿ ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಕೂತೆ, ಹೆಂಗಸರು ನೀರಿಗೆ ಹೊರಬಂದಾಗ ಬರೆದುಕೊಂಡೆ.

15 ಅಕ್ಟೋಬರ್, ಗುರುವಾರ

ಚೇತನಕುಮಾರ ಅವರಿಗೆ ಯಾವುದೋ ಸರಕಾರಿ ಕಚೇರಿಯಿಂದ ಫೋನು ಬಂದಿತ್ತಂತೆ. ನಿಮ್ಮ ಹುಡುಗಿ ಕ್ಯಾಂಪುಗಳಲ್ಲಿ ತಿರುಗುತ್ತಿದ್ದಾಳೆ, ಯಾರ ಅಪ್ಪಣೆ ಅಂತ.

"ಮುಂದಿನ ಸಲ ಬಂದ್ರ ನನಗ ಕೊಡ್ರಿ," ಅಂದೆ.

"ಏನ್ ಹೇಳ್ತಿ?"

"ನನ್ನ ಅಪ್ಪಣಿ ಅಂತ ಹೇಳ್ತೇನಿ."

ಅವರು ಬೇರೆ ಮಾತು ಹಿಡಿದರು. "912 ಸಾಲ ಇದ್ದದ್ದು ಐದ ಸಾವಿರ ಮಾಡಾಕ ಹೊಂಟಿ. ಮತ್ತ ಸರ್ವರ್ ಬೀಳ್ತೈತಿ. ಹಗುರ ಮಾಡಾಕಿ ನೀನ, ಭಾರ ಹೊರಸಾಕಿ ನೀನ."

"ಬೀಳೂದಿಲ್ರಿ. ಬಿದ್ರ ಎಬ್ಬಸ್ತೇನಿ. ಮಂದೀನ್ನ ಬಿಟ್ಟು ಹಗುರ ಮಾಡೂದು ಯಾರಿಗಾದ್ರೂ ಬರ್ತೈತಿ."

ಸಂಜೆ ಸೊಲ್ಲಾಪುರದಿಂದ ಒಬ್ಬಾಕೆ ತಮ್ಮನ ಬಗ್ಗೆ ಕೇಳಿದಳು. ಅವನ ಊರಿನ ಹಾಳೆ ನಾನೇ ಕೈಯಾರೆ ಬರೆದದ್ದು. ಅವನು ದನ ಬಿಡಿಸಲು ಹೋಗಿ ಬಂದಿಲ್ಲ ಅಂತ ಓಣಿಯವರೆಲ್ಲ ಹೇಳಿದ್ದರು. ಹೇಗೆ ಹೇಳಲಿ ಅಂತ ಯೋಚಿಸಲು ಹೊತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ, ಯಾರು ಹೇಳಿದರು ಅನ್ನುವುದನ್ನೂ. ಅವಳು ಇಡುವತನಕ ನಾನು ಇಡಲಿಲ್ಲ. ಹದಿನೆಂಟು ನಿಮಿಷ.

17 ಅಕ್ಟೋಬರ್, ಶನಿವಾರ. ದೀಪಾವಳಿ

ಹಬ್ಬದ ದಿನವೂ ಬಂದೆ. ರಾಜಬಿ ಅಕ್ಕ ಮನೆಯಿಂದ ಶಾವಿಗೆಯ ಸುರಕುಂಬಾ ತಂದಿದ್ದಳು, ನನ್ನ ಹಬ್ಬಕ್ಕೆ ಅವಳ ಹಬ್ಬದ ಅಡುಗೆ.

ಮುಂಜಾನೆ ಹನ್ನೊಂದಕ್ಕೆ ಎಲ್ಲ ಹೆಸರು ಏರಿದವು. 4,812. ಊರಿಗೊಂದು ಪುಟ, ಒಬ್ಬೊಬ್ಬರಿಗೂ ಅವರದೇ ಸಾಲು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ರಜೆಯ ದಿನ, ದುಡಿಯಲು ಹೋದವರೆಲ್ಲ ಸೈಬರ್ ಕೆಫೆಗೆ ನುಗ್ಗುತ್ತಾರೆ ಅಂತ ಗೊತ್ತಿತ್ತು. ನುಗ್ಗಿದರು. ಪರದೆಯ ಮುಂದೆ ನಾವು ಮೂವರೂ ಕೂತೆವು. ಚೇತನಕುಮಾರ ಅವರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು, ಸುಮ್ಮನೆ ಹಾದುಹೋಗುತ್ತಿದ್ದೆ ಅಂದರು.

ಹನ್ನೆರಡಕ್ಕೆ 0.9. ಒಂದಕ್ಕೆ 1.8. ಎರಡಕ್ಕೆ 3.1. ಅವರು ಕುರ್ಚಿಯ ಕೈ ಹಿಡಿದರು. ಎರಡೂವರೆಗೆ 3.4. ನಾನು ಉಸಿರು ಬಿಡದೆ ಕೂತಿದ್ದೆನಂತೆ, ಅಕ್ಕ ಬೆನ್ನಿಗೆ ಗುದ್ದಿದಳು. ಮೂರಕ್ಕೆ 2.2.

ಬೀಳಲಿಲ್ಲ.

ಸಿಗದ ಹುಡುಕಾಟ, 1,210ರಿಂದ 96ಕ್ಕೆ.

21 ಅಕ್ಟೋಬರ್, ಬುಧವಾರ

ಅದೇ ಕಚೇರಿಯಿಂದ ಫೋನು. ನಾನೇ ಎತ್ತಿದೆ. ಹೆಂಗಸರ, ಮಕ್ಕಳ ಹೆಸರಿನ ಪಟ್ಟಿ ಅವರ ಹತ್ತಿರ ಇಲ್ಲವಂತೆ, ನಮ್ಮದು ಕೊಡಬಹುದೇ ಅಂತ. ಯಾರ ಅಪ್ಪಣೆಯಿಂದ ಬೇಕು ಅಂತ ಕೇಳುವ ಆಸೆ ಬಾಯಿತನಕ ಬಂದಿತ್ತು. ಕೇಳಲಿಲ್ಲ. ಪ್ರಿಂಟು ತೆಗೆದು ಕಳಿಸಿದೆ. ಎಲ್ಲ ನೂರಾ ಹನ್ನೊಂದು ಹಾಳೆ.

29 ಅಕ್ಟೋಬರ್, ಗುರುವಾರ

ಕ್ಯಾಂಪುಗಳು ಒಂದೊಂದೇ ಮುಚ್ಚುತ್ತಿವೆ. ಮಂದಿ ತಗಡಿನ ಶೆಡ್ಡು ಹಾಕಿಕೊಂಡು ಹೊಳ್ಳಿ ಹೋಗುತ್ತಿದ್ದಾರೆ. ಪಟ್ಟಿ ನೋಡುವವರು ದಿನಕ್ಕೆ ನಲವತ್ತು, ಐವತ್ತು.

ಮಧ್ಯಾಹ್ನ ಚೇತನಕುಮಾರ ಅವರು ಕುರ್ಚಿ ಎಳೆದುಕೊಂಡು ಬಂದರು. "ಕೆಲಸ ಮುಗೀತು ವಿದ್ಯಾವತಿ. ಇನ್ನ ಅಳಸೂಣು. ಒಂದ ಅಪ್ಪಣಿ ಕೊಟ್ರ ಆತು."

"ಮನಿಯವರು ಹುಡಕಾಕತ್ತವರೊಳಗ ಇಪ್ಪತ್ತಮೂರ ಮಂದಿ ಇನ್ನೂ ಸಿಕ್ಕಿಲ್ರಿ."

"ಅವರ ಪಟ್ಟಿಯೊಳಗ ಇಲ್ಲಲ್ಲ. ಇದ್ದವರೆಲ್ಲಾ ಮನಿ ಮುಟ್ಟ್ಯಾರ. ಯಾರ ಸಲವಾಗಿ ಇಟಗೋತಿ?"

ಜಗಳಕ್ಕೆ ನಿಲ್ಲಲಿಲ್ಲ. ಎದ್ದು ನನ್ನ ಕುರ್ಚಿ ಅವರಿಗೆ ಬಿಟ್ಟೆ. "ಅಳಸ್ರಿ. ನೀವ ಅಳಸಬೇಕು. ಆದ್ರ ಓದಿ ಅಳಸ್ರಿ. ಒಂದೊಂದ ಹೆಸರ ಬಾಯಿಬಿಟ್ಟು ಓದ್ರಿ, ಎಲ್ಲಾ ಮುಗದ ಮ್ಯಾಲ ಒತ್ರಿ."

ನಕ್ಕರು. ಹಟಕ್ಕೆ ಬಿದ್ದು ಓದತೊಡಗಿದರು, ಮೊದಲು ಹಾಜರಿ ಕರೆಯುವ ಮಾಸ್ತರರ ಹಾಗೆ, ಬಡಬಡ. ಒಂದು ಊರು ಮುಗಿಯಿತು. ಎರಡನೆಯದರಲ್ಲಿ ದನಿ ನಿಧಾನವಾಯಿತು. ವಯಸ್ಸನ್ನೂ ಓದಲು ಶುರು ಮಾಡಿದ್ದರು. "ದಾವಲಬಿ, ಅರವತ್ತೆರಡು. ಲಗಮವ್ವ, ನಲವತ್ತು. ಲಗಮವ್ವನ ಮಗಳ ನೀಲವ್ವ, ಹದಿನಾರು." ರಾಜಬಿ ಅಕ್ಕ ಫೋನಿನ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೇಳುತ್ತಿದ್ದಳು. ಮೂರನೆಯ ಊರಿನ ನಡುವೆ ನಿಂತರು.

"ಇದೇನಿದು? 'ಹೆಸರಿಟ್ಟಿಲ್ಲ, ಹೆಣ್ಣು, ಹತ್ತು ದಿನ.'"

"ಕ್ಯಾಂಪಿನಾಗ ಹುಟ್ಟಿದ ಕೂಸು. ನಾ ಬರಕೊಳ್ಳಾಕ ಹೋದಾಗ ಹೆಸರ ಇಟ್ಟಿರಲಿಲ್ಲ."

"ಈಗ ಇಟ್ಟಿರಬೇಕಲ್ಲ?"

"ಇಟ್ಟಿರಬೇಕು."

ಬೆರಳು ಕೀಬೋರ್ಡಿನ ಮೇಲೇ ಇತ್ತು. "ಹಂಗಾರ ಇದು ತಪ್ಪೈತಿ. ಕೇಳಿ ತಿದ್ದಬೇಕು."

"ನನಗ ಕ್ಲಾಸ್ ಐತ್ರಿ. ನೀವ ಹೋಗಿ ಕೇಳಿಕೊಂಡ ಬರ್ರಿ."

ಗಾಡಿಯ ಕೀಲಿ ತೆಗೆದುಕೊಂಡು ಹೊರಟರು.

ಐದೂವರೆಗೆ ಬಂದರು. ಬೂಟಿನಿಂದ ಮೊಣಕಾಲತನಕ ಕರಿಮಣ್ಣು. ನನ್ನನ್ನು ಮಾತಾಡಿಸಲಿಲ್ಲ. ನೇರ ಹೋಗಿ ಕೂತು, ಆ ಸಾಲು ಹುಡುಕಿ, ಒಂದೊಂದೇ ಅಕ್ಷರ ನಿಧಾನವಾಗಿ ಟೈಪು ಮಾಡಿದರು.

ಜಾಸ್ಮಿನ, ಹೆಣ್ಣು, ಇಪ್ಪತ್ತೈದು ದಿನ.